ಏರ್ ರೈಫಲ್‌ಗೆ ಸ್ಕೋಪ್ ಕೂರಿಸುವುದು: ರೈಫಲ್ಲೂ ಕೆಡಬಾರದು, ಸ್ಕೋಪೂ ಒಡೆಯಬಾರದು

ನನ್ನ ಮೊದಲ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಐವತ್ತು ಹೊಡೆತ ಕೂಡ ಬಾಳಲಿಲ್ಲ. ಅದನ್ನು ಹಾಳು ಮಾಡಿದವನು ನಾನೇ.

.177 ಬೋರಿನ (ನಳಿಕೆಯ ತೂತು .177 ಇಂಚು) ಸ್ಪ್ರಿಂಗ್ ಏರ್ ರೈಫಲ್, ನಳಿಕೆ ಮಡಚಿ ಕಾಕ್ ಮಾಡುವಂಥದ್ದು, ಅಂದರೆ ಸ್ಪ್ರಿಂಗ್ ಒತ್ತಿ ಸಿದ್ಧ ಮಾಡುವಂಥದ್ದು. ಅಂಗಡಿಯವರು "ಹಾಕ್ಕೊಳ್ಳಿ ಸಾರ್, ಏನೂ ಆಗಲ್ಲ" ಅಂತ ಒಂದು ಸ್ಕೋಪ್ ಕೊಟ್ಟರು. ಮನೆಗೆ ತಂದು ಕೂರಿಸಿದೆ. ಹತ್ತು ಹೊಡೆತಕ್ಕೆ ಮೂರು ಮಿಲಿಮೀಟರ್ ಹಿಂದಕ್ಕೆ ಜಾರಿತ್ತು. ಬಿಗಿ ಮಾಡಿದೆ. ಮತ್ತೆ ಜಾರಿತು. ಇನ್ನೂ ಬಿಗಿ ಮಾಡಿದೆ. ಕೊನೆಗೆ ಅಲೆನ್ ಕೀಗೆ ಒಂದು ಪೈಪ್ ತುಂಡು ಸಿಕ್ಕಿಸಿ, ಹಲ್ಲು ಕಚ್ಚಿಕೊಂಡು ತಿರುಗಿಸಿದೆ ನೋಡಿ, ಸ್ಕ್ರೂ ತಲೆ ಟಕ್ ಅಂತ ಕಿತ್ತು ಕೈಗೆ ಬಂತು.

ಮುರಿದ ಸ್ಕ್ರೂ ತೆಗೆಸೋಣ ಅಂತ ಲೇತ್ ಶಾಪಿಗೆ ಒಯ್ದೆ. ಅಲ್ಲಿದ್ದ ಹಿರಿಯರು ಸ್ಕ್ರೂ ಕಡೆ ನೋಡಲೇ ಇಲ್ಲ. ವರ್ನಿಯರ್ ತೆಗೆದು ಸ್ಕೋಪಿನ ಕೊಳವೆಯನ್ನು ಅಳೆದರು. ಒಂದು ಕಡೆಯಿಂದ 25.4 ಮಿಲಿಮೀಟರ್. ಅದನ್ನೇ ಅಡ್ಡ ತಿರುಗಿಸಿ ಹಿಡಿದರೆ 25.1. "ಬಿಗಿ ಆಗಿದ್ದು ಸ್ಕ್ರೂ ಅಲ್ಲ ಸಾರ್, ಪೈಪ್ ಚಪ್ಪಟೆ ಆಗಿದೆ" ಅಂದರು. ಆಮೇಲೆ ಸಮಾಧಾನವಾಗಿ ಕೂತು ನೋಡಿದಾಗ ನನ್ನ ಪೆದ್ದತನ ಪೂರ್ತಿ ಗೊತ್ತಾಯಿತು. ಜಾರುತ್ತಿದ್ದದ್ದು ಕೆಳಗಿನ ಮೌಂಟ್, ಅಂದರೆ ರೈಫಲ್ಲನ್ನು ಕಚ್ಚಿ ಕೂರುವ ಭಾಗ. ನಾನು ಹಿಂಡುತ್ತಿದ್ದದ್ದು ಮೇಲಿನ ರಿಂಗ್, ಅಂದರೆ ಸ್ಕೋಪನ್ನು ಸುತ್ತಿ ಹಿಡಿಯುವ ಬಳೆ.

ಆಮೇಲೆ ನನ್ನದು, ಸ್ನೇಹಿತರದು, ತೋಟದ ಮನೆಯ ನೆಂಟರದು ಅಂತ ಸುಮಾರು ರೈಫಲ್‌ಗಳಿಗೆ ಸ್ಕೋಪ್ ಕೂರಿಸಿದ್ದೇನೆ. ಹಾಳಾದ ಸಾಮಾನು ನೋಡಿದಾಗೆಲ್ಲ ಕಂಡದ್ದು ಒಂದೇ ಕಾರಣ: ಆಕಾರ ಮಾಡಬೇಕಾದ ಕೆಲಸವನ್ನು ಸ್ಕ್ರೂ ಕೈಲಿ ಮಾಡಿಸೋಕೆ ಹೋಗಿದ್ದು. ಮೌಂಟ್ ಜಾರದ ಹಾಗೆ ತಡೆಯಬೇಕಾದ್ದು ಅದರ ಹೊಟ್ಟೆಯಲ್ಲಿರುವ ಚಿಕ್ಕ ತಡೆಪಿನ್ನು. ಸ್ಕ್ರೂಗೆ ಇರುವುದು ಅದು ಮೇಲೇಳದ ಹಾಗೆ ಹಿಡಿದಿಡುವ ಕೆಲಸ, ಅಷ್ಟೇ.

ಶುರು ಮಾಡೋಕೆ ಮುಂಚೆ ಎರಡು ಮಾತು

ಇದು ಏರ್ ರೈಫಲ್ ಬಗ್ಗೆ ಮಾತ್ರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರು .177, ಅಂದರೆ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಮದ್ದಿನ ಬಂದೂಕಿನ ಕಥೆ ಬೇರೆ. 1959ರ ಕಾಯ್ದೆಯಲ್ಲಿ ಅದರ ರಿಪೇರಿ ಕೆಲಸಕ್ಕೇ ಬೇರೆ ಲೈಸೆನ್ಸ್ ಇದೆ, ಹಾಗಾಗಿ ನಿಮ್ಮ ಹತ್ತಿರ ಲೈಸೆನ್ಸ್ ಇರುವ .22 ಅಥವಾ ದೊಡ್ಡ ರೈಫಲ್ ಇದ್ದರೆ ಅದನ್ನು ಲೈಸೆನ್ಸ್ ಇರುವ ಬಂದೂಕು ಅಂಗಡಿಗೇ ಒಯ್ಯಿರಿ. ಇನ್ನೊಂದು, ಸ್ಕೋಪ್ ಬಂದ ಕೂಡಲೇ ಪಾರಿವಾಳ, ಗಿಳಿ ಅಂತ ಕೈ ತುರಿಸುವವರು ಇದ್ದಾರೆ. 1972ರ ವನ್ಯಜೀವಿ ಕಾಯ್ದೆ ಏರ್ ಗನ್ನಿಗೆ ರಿಯಾಯಿತಿ ಕೊಟ್ಟಿಲ್ಲ. ಕಾಗದದ ಗುರಿ, ಖಾಲಿ ಡಬ್ಬ ಸಾಕು.

10 ಮೀಟರ್ ಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದರೆ ಸ್ಕೋಪ್ ಯೋಚನೆಯನ್ನೇ ಬಿಡಿ. ಅಲ್ಲಿ ದುರ್ಬೀನಿನ ಥರದ್ದು ಯಾವುದಕ್ಕೂ ಅವಕಾಶ ಇಲ್ಲ. ಹಿಂದೆ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ರಿಂಗ್, ಇಷ್ಟರಲ್ಲೇ ಅರ್ಧ ಮಿಲಿಮೀಟರಿನ ಚುಕ್ಕೆಗೆ ಹೊಡೆಯಬೇಕು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ಹಾಗೇ. ಪೀಪ್ ಸೈಟ್ ಕೂರುವುದೂ ಸ್ಕೋಪ್ ಕೂರುವಂಥ ಗಾಡಿಯ ಮೇಲೇ (ಗಾಡಿ ಅಂದರೆ ರೈಫಲ್ಲಿನ ಮೇಲೆ ಉದ್ದಕ್ಕೆ ಕೊರೆದ ಕಾಲುವೆ), ಹಾಗಾಗಿ ಗಾಡಿ ಒರೆಸುವುದು, ಸ್ಕ್ರೂ ಬಿಗಿಯುವುದು, ಇವೆಲ್ಲ ಅದಕ್ಕೂ ಒಪ್ಪುತ್ತವೆ.

ಸ್ಪ್ರಿಂಗ್ ರೈಫಲ್ ಸ್ಕೋಪನ್ನು ಯಾಕೆ ಕೊಲ್ಲುತ್ತದೆ

ಇದು ಅರ್ಥವಾದರೆ ಉಳಿದದ್ದು ತಾನಾಗೇ ಅರ್ಥವಾಗುತ್ತದೆ. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಒಳಗಿನ ಸ್ಪ್ರಿಂಗು ಭಾರದ ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಪಿಸ್ಟನ್ ಮುಂದಕ್ಕೆ ಹೋದಾಗ ರೈಫಲ್ ಹಿಂದಕ್ಕೆ ಬರುತ್ತದೆ. ಇಲ್ಲಿಯವರೆಗೆ ಮಾಮೂಲಿ ಬಂದೂಕಿನ ಥರವೇ. ಆದರೆ ಪಿಸ್ಟನ್ ಸಿಲಿಂಡರಿನ ಕೊನೆ ಮುಟ್ಟಿ ಗಕ್ಕನೆ ನಿಂತಾಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಓಡುವ ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ಬೀಳುತ್ತಾರಲ್ಲ, ಇಲ್ಲಿ ಅದರ ಉಲ್ಟಾ. ನಿಂತ ಬಸ್ಸನ್ನು ದಬಕ್ ಅಂತ ಎಳೆದ ಹಾಗೆ. ರೈಫಲ್ ಮುಂದಕ್ಕೆ, ಸ್ಕೋಪ್ ಇದ್ದಲ್ಲೇ. ಅಂದರೆ ರೈಫಲ್ ಮೇಲೆ ಸ್ಕೋಪ್ ಹಿಂದಕ್ಕೆ ಜಾರಿದ ಹಾಗೆ ಆಯಿತು.

ಮದ್ದಿನ ಬಂದೂಕಿಗೆ ಅಂತ ಮಾಡಿದ ಸ್ಕೋಪಿನಲ್ಲಿ ಗಾಜುಗಳಿಗೆ ಒಂದೇ ದಿಕ್ಕಿನ ಹೊಡೆತ ತಡೆಯುವ ಆಸರೆ ಇರುತ್ತದೆ. ದೊಡ್ಡ ರೈಫಲ್ಲಿನ ಒದೆತ ತಡೆಯುವ ದುಬಾರಿ ಸ್ಕೋಪ್ ಕೂಡ ಸ್ಪ್ರಿಂಗ್ ಗನ್ ಮೇಲೆ ಕೆಲವು ವಾರಕ್ಕೆ ಗಾಜು ಸಡಿಲಾಗಿ ಹಾಳಾಗುವುದು ಇದಕ್ಕೇ. ಬೆಲೆ ನೋಡಿ ಮೋಸ ಹೋಗಬೇಡಿ. ಡಬ್ಬದ ಮೇಲೆ ಸ್ಪ್ರಿಂಗ್ ಏರ್ ಗನ್ನಿಗೆ ಆಗುತ್ತದೆ ಅಂತ ಬರೆದಿದೆಯಾ ನೋಡಿ. ಗಾಳಿ ತುಂಬಿಸಿಡುವ ಪಿಸಿಪಿ ರೈಫಲ್ ಇದ್ದವರು ಇಲ್ಲಿ ನಿಟ್ಟುಸಿರು ಬಿಡಬಹುದು. ಅದರಲ್ಲಿ ಪಿಸ್ಟನ್ನೇ ಇಲ್ಲ, ಒದೆತವೂ ಇಲ್ಲ ಅನ್ನುವಷ್ಟು ಕಡಿಮೆ.

ಸ್ಕೋಪ್ ಆರಿಸುವಾಗ ಇನ್ನೆರಡು ನೋಡಿ. ಭಾರ ಕಡಿಮೆ ಇರಲಿ, ಜಾಸ್ತಿ ಭಾರ ಅಂದರೆ ತಡೆಪಿನ್ನಿನ ಮೇಲೆ ಜಾಸ್ತಿ ಹೊಡೆತ. ಮತ್ತೆ, ಮುಂದಿನ ಗಾಜಿನ ಬಳೆ ತಿರುಗಿಸಿ ಹತ್ತು ಮೀಟರಿಗೂ ಸ್ಪಷ್ಟ ಮಾಡಿಕೊಳ್ಳುವ ಹಾಗಿರಲಿ. ದೊಡ್ಡ ಬಂದೂಕಿನ ಸ್ಕೋಪುಗಳನ್ನು ಸಾಮಾನ್ಯವಾಗಿ ನೂರು ಗಜಕ್ಕೆ ಹೊಂದಿಸಿರುತ್ತಾರೆ. ಹತ್ತು ಮೀಟರಿನಲ್ಲಿ ಅವು ಮಬ್ಬು. ಮಬ್ಬಾದರೂ ಪರವಾಗಿಲ್ಲ ಅನ್ನಬಹುದು, ಆದರೆ ಕಣ್ಣು ಸ್ವಲ್ಪ ಆಚೀಚೆ ಆದರೂ ಸ್ಕೋಪಿನೊಳಗಿನ ಪ್ಲಸ್ ಗೆರೆ ಗುರಿಯ ಮೇಲೆ ಓಡಾಡುತ್ತದೆ. ಆಮೇಲೆ ಪೆಲೆಟ್, ಅಂದರೆ ಸೀಸದ ಗುಂಡು, ಸರಿ ಇಲ್ಲ ಅಂತ ಪೆಲೆಟ್ ಬದಲಾಯಿಸುತ್ತಾ ಕೂರುತ್ತೀರಿ.

ಬೇಕಾಗುವ ಸಾಮಾನು

ಜಾಸ್ತಿ ಏನೂ ಬೇಡ. ಒಳ್ಳೆ ಅಲೆನ್ ಕೀ ಸೆಟ್ ಎರಡು, ಒಂದು ಮಿಲಿಮೀಟರಿನದು, ಒಂದು ಇಂಚಿನದು. ಎರಡು ಯಾಕೆ ಅಂದರೆ, ಮೌಂಟ್ ಯಾವ ದೇಶದ್ದು ಅನ್ನುವುದರ ಮೇಲೆ ಸ್ಕ್ರೂ ಅಳತೆ ಬದಲಾಗುತ್ತದೆ. 3/32 ಇಂಚು ಅಂದರೆ 2.38 ಮಿಲಿಮೀಟರ್. ಅದೇ ತೂತಿಗೆ 2 ಮಿಲಿಮೀಟರ್ ಕೀ ಹಾಕಿದರೆ ಸುಮ್ನೆ ಸುತ್ತುತ್ತದೆ, 2.5ರದು ಸುತ್ತಿಗೆಯಲ್ಲಿ ಹೊಡೆದರೆ ಮಾತ್ರ ಹೋಗುತ್ತದೆ. ಹೊಡೆಯುವವರನ್ನು ನಾನು ನೋಡಿದ್ದೇನೆ. ಕೀ ತೂತಿಗೆ ಅಲುಗಾಡದ ಹಾಗೆ ಕೂರಬೇಕು. ಅಲುಗಾಡಿದರೆ ಅದು ಸರಿಯಾದ ಕೀ ಅಲ್ಲ, ತಿರುಗಿಸಬೇಡಿ. ಮೌಂಟಿನ ಜೊತೆ ಡಬ್ಬದಲ್ಲಿ ಬರುವ ಕೀ ಮೆತ್ತಗಿನ ಕಬ್ಬಿಣದ್ದು, ನಾಲ್ಕೇ ಸಲಕ್ಕೆ ಮೂಲೆ ಸವೆದು ಸ್ಕ್ರೂ ತಲೆಯನ್ನೂ ಸವೆಸುತ್ತದೆ. ಅದನ್ನು ಎಸೆಯಿರಿ.

ಸೀಳು ತಲೆಯ ಸ್ಕ್ರೂ ಇದ್ದರೆ ಸ್ಕ್ರೂಡ್ರೈವರಿನ ತುದಿ ಸೀಳಿನ ಅಗಲಕ್ಕೂ ದಪ್ಪಕ್ಕೂ ಸರಿಯಾಗಿರಬೇಕು. ಮನೆಯಲ್ಲಿರುವ ಸ್ಕ್ರೂಡ್ರೈವರಿನ ತುದಿ ಉಳಿಯ ಥರ ಇಳಿಜಾರು. ಬಲ ಹಾಕಿದಂತೆ ಅದು ಮೇಲಕ್ಕೆ ಏರಿ ಜಾರುತ್ತದೆ, ಜಾರಿ ರೈಫಲ್ಲಿನ ಕಪ್ಪು ಬಣ್ಣದ ಮೇಲೆ ಬಿಳಿ ಗೀರು ಎಳೆಯುತ್ತದೆ. ಒಂದು ಸಲ ಬಿದ್ದ ಗೀರು ಹೋಗುವುದಿಲ್ಲ. ತುದಿಯ ಎರಡು ಮುಖವೂ ಒಂದಕ್ಕೊಂದು ಸಮಾನಾಂತರವಾಗಿ ಇರುವ ಬಿಟ್ ಕೇಳಿ ತಗೊಳ್ಳಿ.

ಇಷ್ಟು ಬಿಟ್ಟರೆ ಸ್ಪಿರಿಟ್, ಹಳೆ ಬನಿಯನ್ ಬಟ್ಟೆ, ನೀಲಿ ಬಣ್ಣದ ಥ್ರೆಡ್ ಲಾಕ್ (ಸ್ಕ್ರೂ ಸಡಿಲಾಗದ ಹಾಗೆ ಹಿಡಿಯುವ ಅಂಟು), ಪೇಪರ್ ಟೇಪ್, ಒಂದು ದಾರ, ಒಂದು ಭಾರದ ನಟ್, ಹಳೆ ನೈಲ್ ಪಾಲಿಶ್. ದುಡ್ಡಿದ್ದರೆ ಎಷ್ಟು ಬಲಕ್ಕೆ ಬಿಗಿಯಿತು ಅಂತ ಅಳೆಯುವ ಟಾರ್ಕ್ ಸ್ಕ್ರೂಡ್ರೈವರ್. ಬೆಂಗಳೂರಿನವರು ಎಸ್‌ಪಿ ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಒಂದು ಸುತ್ತು ಹಾಕಿ ವಿಚಾರಿಸಬಹುದು.

ಮೊದಲು ರೈಫಲ್ ಖಾಲಿ ಮಾಡಿ

ನಳಿಕೆ ಮಡಚುವ ರೈಫಲ್ಲಾದರೆ ಬಗ್ಗಿಸಿ ತೂತಿನಲ್ಲಿ ನೋಡಿ. ಕಾಕ್ ಆಗುವವರೆಗೆ ಎಳೆಯಬೇಡಿ, ಸ್ವಲ್ಪ ತೆರೆದರೆ ಸಾಕು. ತೆರೆದಾಗ ನಳಿಕೆಯನ್ನು ಒಂದು ಕೈಯಲ್ಲಿ ಹಿಡಿದೇ ಇರಿ. ಹಿಡಿಯದೆ ಬೆರಳು ಹಾಕಿದಾಗ ಕುದುರೆ ಬಿಟ್ಟುಕೊಂಡರೆ ನಳಿಕೆ ಇಲಿಬೋನಿನ ಥರ ಪಟ್ಟನೆ ಮುಚ್ಚುತ್ತದೆ, ಬೆರಳು ಉಳಿಯುವುದಿಲ್ಲ. ಪಿಸಿಪಿ ಆದರೆ ಮ್ಯಾಗಜೀನ್ ತೆಗೆದು, ಬೋಲ್ಟ್ ತೆರೆದು, ಒಳಗೆ ಪೆಲೆಟ್ ಇಲ್ಲ ಅಂತ ಕಣ್ಣಿಂದ ನೋಡಿ.

ಖಾಲಿ ಇದೆಯಾ ಅಂತ ನೋಡೋಕೆ ಸ್ಪ್ರಿಂಗ್ ರೈಫಲನ್ನು ಪೆಲೆಟ್ ಇಲ್ಲದೆ ಹೊಡೆಯಬೇಡಿ. ಪೆಲೆಟ್ ಇದ್ದಾಗ ಅದರ ಹಿಂದೆ ಒತ್ತಿಕೊಂಡ ಗಾಳಿ ಪಿಸ್ಟನ್ನಿಗೆ ದಿಂಬಿನ ಥರ ಕೆಲಸ ಮಾಡುತ್ತದೆ. ಪೆಲೆಟ್ ಇಲ್ಲದಿದ್ದರೆ ಆ ದಿಂಬೂ ಇಲ್ಲ, ಪಿಸ್ಟನ್ ಹೋಗಿ ಕಬ್ಬಿಣಕ್ಕೇ ಹೊಡೆಯುತ್ತದೆ. ಸೀಲು ಹೋಗುತ್ತದೆ, ಸ್ಪ್ರಿಂಗೂ ಹೋಗಬಹುದು.

ಅಳತೆ

ಏರ್ ರೈಫಲ್ಲಿನ ಮೇಲೆ ಉದ್ದಕ್ಕೆ ಎರಡು ಗಾಡಿ, ಅಂದರೆ ಸಣ್ಣ ಕಾಲುವೆ ಕೊರೆದಿರುತ್ತಾರೆ. ಇದಕ್ಕೆ ಡವ್‌ಟೇಲ್ ಅನ್ನುತ್ತಾರೆ. ಹೆಸರಿಗೆ 11 ಮಿಲಿಮೀಟರ್, ಆದರೆ ಕಂಪನಿಯಿಂದ ಕಂಪನಿಗೆ 9.5ರಿಂದ 13ರವರೆಗೂ ಇರುವುದುಂಟು. ಕೆಲವು ರೈಫಲ್‌ಗಳಲ್ಲಿ ಅಡ್ಡ ಕಚ್ಚುಗಳಿರುವ ಪಿಕಟಿನಿ ರೈಲು ಇರುತ್ತದೆ. ಪಿಕಟಿನಿಯ ಮೌಂಟ್ 11ರ ಗಾಡಿಗೆ ಕೂರುವುದಿಲ್ಲ, ಕೂತ ಹಾಗೆ ಕಂಡರೂ ತುದಿಯಲ್ಲಿ ಮಾತ್ರ ಕಚ್ಚಿರುತ್ತದೆ. ಆ ತುದಿಯಲ್ಲೇ ಗಾಡಿಯ ಅಂಚು ಮುಕ್ಕಾಗುವುದು. ಮೌಂಟ್ ಮುರಿದರೆ ಹೊಸದು ತರಬಹುದು, ಗಾಡಿ ಮುಕ್ಕಾದರೆ ರೈಫಲ್ಲಿನ ಮೈಯೇ ಹೋಯಿತು.

ಸ್ಕೋಪಿನ ಕೊಳವೆ 25.4 ಮಿಲಿಮೀಟರ್ ಇರುತ್ತದೆ ಅಥವಾ 30. ರಿಂಗೂ ಅದೇ ಅಳತೆಯದು ಬೇಕು. ರಿಂಗಿನ ಎತ್ತರ ನೋಡುವಾಗ ಮುಂದಿನ ಗಾಜಿನ ದಪ್ಪ ಭಾಗ ನಳಿಕೆಗೆ ತಾಗಬಾರದು, ಒಂದೆರಡು ಮಿಲಿಮೀಟರ್ ಸಂದು ಇರಲಿ. ನಳಿಕೆ ಮಡಚುವ ರೈಫಲ್ಲಿನಲ್ಲಿ ಮುಚ್ಚಿದಾಗ ಮಾತ್ರ ನೋಡಿದರೆ ಸಾಲದು, ತೆರೆದು ಮುಚ್ಚುವಾಗ, ಪೆಲೆಟ್ ಹಾಕುವಾಗ ಕೈಗೆ ಸ್ಕೋಪ್ ಅಡ್ಡ ಬರುತ್ತದಾ ಅಂತಲೂ ನೋಡಿ. ಹಾಗಂತ ಬೇಕಿರುವುದಕ್ಕಿಂತ ಎತ್ತರದ ರಿಂಗ್ ತರಬೇಡಿ. ಕೆನ್ನೆ ಕಟ್ಟಿಗೆಗೆ, ಅಂದರೆ ರೈಫಲ್ಲಿನ ಹಿಡಿಗೆ, ತಾಗದೆ ತಲೆ ಗಾಳಿಯಲ್ಲಿ ನಿಲ್ಲುತ್ತದೆ.

ಸ್ಪ್ರಿಂಗ್ ರೈಫಲ್ಲಿಗೆ ನನ್ನ ಆಯ್ಕೆ ಯಾವತ್ತೂ ಒಂದೇ ತುಂಡಿನ ಮೌಂಟ್. ಎರಡು ಬಿಡಿ ರಿಂಗ್ ಹಾಕಿದರೆ ಅವೆರಡೂ ಒಂದೇ ಗೆರೆಯಲ್ಲಿ ಕೂರದೆ ಕೊಳವೆಯನ್ನು ತಿರುಚುವ ಅಪಾಯ ಇದೆ. ಒಂದೇ ತುಂಡಿನಲ್ಲಿ ಗಾಡಿ ಹಿಡಿಯುವ ಸ್ಕ್ರೂಗಳೂ ಜಾಸ್ತಿ.

ಮೌಂಟ್ ಕೂರಿಸುವುದು

ಗಾಡಿಯನ್ನು, ಮೌಂಟಿನ ಹೊಟ್ಟೆಯನ್ನು, ಸ್ಕ್ರೂಗಳನ್ನು, ತೂತುಗಳನ್ನು ಸ್ಪಿರಿಟ್ ಹಾಕಿ ಒರೆಸಿ. ಬಟ್ಟೆ ಕಪ್ಪಗಾಗುತ್ತದೆ, ಕಪ್ಪಾಗುವುದು ನಿಲ್ಲುವವರೆಗೆ ಒರೆಸಿ. ಫ್ಯಾಕ್ಟರಿ ಎಣ್ಣೆ ಅಲ್ಲಿದ್ದರೆ ಎಷ್ಟು ಬಿಗಿದರೂ ಸೋಪಿನ ಮೇಲೆ ಕಾಲಿಟ್ಟ ಹಾಗೆ. ಬೆರಳಚ್ಚು ಬಿದ್ದ ಬೇರೆ ಕಬ್ಬಿಣಕ್ಕೆ ಕೆಲಸ ಮುಗಿದ ಮೇಲೆ ತೆಳುವಾಗಿ ಎಣ್ಣೆ ಸವರಿ. ನಮ್ಮ ಕೈಯ ಬೆವರು ಉಪ್ಪುನೀರು, ಮಂಗಳೂರು, ಕಾರವಾರದ ಕಡೆ ಒಂದೇ ರಾತ್ರಿಗೆ ಕಂದು ಚುಕ್ಕೆ ಏಳುತ್ತದೆ.

ಈಗ ತಡೆಪಿನ್ನು. ಮೌಂಟಿನ ಹೊಟ್ಟೆಯಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತದೆ, ಅದನ್ನು ಮೇಲಿಂದ ತಿರುಗಿಸಿದರೆ ಕೆಳಕ್ಕೆ ಇಳಿಯುತ್ತದೆ. ರೈಫಲ್ಲಿನ ಗಾಡಿಗಳ ನಡುವೆ ಹಿಂಬದಿಗೆ ಒಂದೆರಡು ಕುರುಡು ತೂತು, ಅಂದರೆ ಆಚೆ ಹಾಯದ ತೂತು, ಇರುತ್ತದೆ. ಪಿನ್ನು ಆ ತೂತಿಗೆ ಇಳಿಯಬೇಕು. ಇಳಿಸುವ ಕ್ರಮ ಹೀಗೆ: ಮೌಂಟ್ ಸಡಿಲವಾಗಿ ಇಡಿ, ಪಿನ್ನನ್ನು ಸ್ವಲ್ಪ ಇಳಿಸಿ, ಮೌಂಟನ್ನು ಹಿಂದೆ ಮುಂದೆ ಮೆಲ್ಲಗೆ ಆಡಿಸಿ. ಪಿನ್ನು ತೂತಿಗೆ ಬಿದ್ದಾಗ ಕೈಗೆ ಗೊತ್ತಾಗುತ್ತದೆ, ಮೌಂಟ್ ತಟ್ಟನೆ ನಿಲ್ಲುತ್ತದೆ. ಇಷ್ಟಕ್ಕೆ ಬಿಡಬೇಡಿ. ಈಗ ಇಡೀ ಮೌಂಟನ್ನು ಹಿಂದಕ್ಕೆ ಎಳೆದು ಹಿಡಿಯಿರಿ, ಪಿನ್ನು ತೂತಿನ ಹಿಂದಿನ ಗೋಡೆಗೆ ಆತುಕೊಳ್ಳಬೇಕು. ಹಾಗೆ ಎಳೆದು ಹಿಡಿದೇ ಪಕ್ಕದ ಸ್ಕ್ರೂ ಬಿಗಿಯಿರಿ. ಈ ಒಂದು ಮಿಲಿಮೀಟರ್ ಸಂದು ಬಿಟ್ಟವರ ಮೌಂಟ್ ಪ್ರತಿ ಹೊಡೆತಕ್ಕೂ ಸ್ವಲ್ಪ ಜಾರಿ ಪಿನ್ನಿಗೆ ಸುತ್ತಿಗೆಯ ಥರ ಬಡಿಯುತ್ತದೆ, ಕೆಲವು ದಿನಕ್ಕೆ ಪಿನ್ನು ಬಾಗುತ್ತದೆ.

ಪಿನ್ನನ್ನು ತೂತಿನ ತಳಕ್ಕೆ ಒತ್ತಿ ಬಿಗಿಯಬೇಡಿ. ಒತ್ತಿದರೆ ಅದು ಜಾಕ್ ಹಾಕಿದ ಹಾಗೆ ಮೌಂಟನ್ನೇ ಮೇಲಕ್ಕೆ ಎತ್ತುತ್ತದೆ. ತಳ ಮುಟ್ಟಿದ ಮೇಲೆ ಕಾಲು ಸುತ್ತು ವಾಪಸ್.

ತೂತೇ ಇಲ್ಲದ ರೈಫಲ್ ಕೂಡ ಇವೆ. ಕೆಲವರು ಡ್ರಿಲ್ ತಗೊಂಡು ತಾವೇ ತೂತು ಹಾಕೋಕೆ ಹೋಗುತ್ತಾರೆ. ಆ ಗಾಡಿಯ ಕೆಳಗೇ ಪಿಸ್ಟನ್ ಓಡುವ ಸಿಲಿಂಡರ್, ಗೋಡೆ ತೆಳು. ಡ್ರಿಲ್ ಆಚೆ ಬಂದರೆ ರೈಫಲ್ ಗುಜರಿಗೆ. ಮೌಂಟಿನ ಹಿಂದೆ ಹಾಕುವ ಪ್ರತ್ಯೇಕ ತಡೆಗಟ್ಟೆ ಸಿಗುತ್ತದೆ, ಅದು ಹಾಕಿ.

ಸ್ಕೋಪ್ ಇಡುವುದು, ನೇರ ಮಾಡುವುದು

ರಿಂಗಿನ ಕೆಳಗಿನ ಅರ್ಧದಲ್ಲಿ ಸ್ಕೋಪ್ ಮಲಗಿಸಿ, ಮೇಲಿನ ಅರ್ಧ ಇಟ್ಟು, ಸ್ಕ್ರೂಗಳನ್ನು ಬೆರಳಿನಲ್ಲೇ ತಿರುಗಿಸಿ. ಸ್ಕೋಪ್ ಹಿಂದೆ ಮುಂದೆ ಸರಿಯುವಷ್ಟು ಸಡಿಲ ಇರಲಿ. ಈಗ ನೀವು ನಿಜವಾಗಿ ಹೊಡೆಯುವ ಭಂಗಿಯಲ್ಲೇ ನಿಲ್ಲಿ ಅಥವಾ ಕೂರಿ. ಕಣ್ಣು ಮುಚ್ಚಿ ರೈಫಲ್ ಹೆಗಲಿಗೆ ಇಡಿ, ಕೆನ್ನೆ ಆನಿಸಿ, ಆಮೇಲೆ ಕಣ್ಣು ತೆರೆಯಿರಿ. ಚಿತ್ರ ಪೂರ್ತಿ ಕಾಣಬೇಕು. ಸುತ್ತ ಕಪ್ಪು ಅಂಚು ಕಂಡರೆ ಸ್ಕೋಪನ್ನು ಸರಿಸಿ, ತಲೆಯನ್ನಲ್ಲ. ಸಾಮಾನ್ಯವಾಗಿ ಕಣ್ಣಿಗೂ ಹಿಂದಿನ ಗಾಜಿಗೂ ಎಂಟು ಒಂಬತ್ತು ಸೆಂಟಿಮೀಟರ್ ದೂರ ಬರುತ್ತದೆ.

ಪ್ಲಸ್ ಗೆರೆ ನೇರ ಮಾಡೋಕೆ ದಾರದ ತುದಿಗೆ ನಟ್ ಕಟ್ಟಿ ಎದುರಿನ ಕಿಟಕಿಗೋ ಮರಕ್ಕೋ ತೂಗುಹಾಕಿ. ಗಾರೆ ಕೆಲಸದವರು ಗೋಡೆ ನೇರ ನೋಡುವುದು ಹೀಗೇ ಅಲ್ವಾ. ರೈಫಲ್ ಅಲುಗಾಡದ ಹಾಗೆ ದಿಂಬಿನ ಮೇಲೆ ಮಟ್ಟಸವಾಗಿ ಇಟ್ಟು, ನಿಂತ ಗೆರೆಯನ್ನು ದಾರಕ್ಕೆ ಹೊಂದಿಸಿ. ಹತ್ತು ಮೀಟರಿಗೆ ಹೊಂದಿಸಿದ ಮೇಲೆ ವಾಲಿದ್ದರೂ ಹತ್ತು ಮೀಟರಿನಲ್ಲಿ ಗೊತ್ತಾಗುವುದಿಲ್ಲ, ಅದೇ ಮೋಸ. ಇಪ್ಪತ್ತೈದು ಮೀಟರಿಗೆ ಹೋದಾಗ ಪೆಲೆಟ್ ಪಕ್ಕಕ್ಕೆ ಹೋಗುತ್ತದೆ, ನೀವು ಗಾಳಿಗೆ ಬೈಯುತ್ತೀರಿ.

ಬಿಗಿಯುವುದು

ನನ್ನ 25.1ರ ಜಾಗ ಇದೇ. ಹಾಗಾಗಿ ನಿಧಾನ.

ರಿಂಗ್ ಒಂದಕ್ಕೆ ನಾಲ್ಕು ಸ್ಕ್ರೂ ಅಂತ ಇಟ್ಟುಕೊಳ್ಳಿ. ಒಂದನ್ನು ಕಾಲು ಸುತ್ತು ತಿರುಗಿಸಿ, ಮುಂದಿನದು ಅದರ ಎದುರು ಮೂಲೆಯದು. ಕಾರಿನ ಚಕ್ರದ ಬೋಲ್ಟ್ ಹಾಕುವ ಹಾಗೆ. ಒಂದು ರಿಂಗಿನಲ್ಲಿ ಒಂದು ಸುತ್ತು, ಆಮೇಲೆ ಇನ್ನೊಂದು ರಿಂಗಿಗೆ. ಮೇಲಿನ ಮತ್ತು ಕೆಳಗಿನ ಅರ್ಧದ ನಡುವೆ ಎಡಕ್ಕೂ ಬಲಕ್ಕೂ ಒಂದೇ ಅಗಲದ ಸಂದು ಕಾಣುತ್ತಿರಬೇಕು. ಒಂದು ಕಡೆ ಸಂದು ಮುಚ್ಚಿ ಇನ್ನೊಂದು ಕಡೆ ಬಾಯಿ ತೆರೆದಿದ್ದರೆ ಬಿಚ್ಚಿ ಮೊದಲಿಂದ ಶುರು ಮಾಡಿ. ಬಿಗಿಯುವಾಗ ಸ್ಕೋಪ್ ತಾನೇ ಸ್ವಲ್ಪ ತಿರುಗುತ್ತದೆ, ದಾರದ ಕಡೆ ಆಗಾಗ ನೋಡುತ್ತಿರಿ.

ಟಾರ್ಕ್ ಸ್ಕ್ರೂಡ್ರೈವರ್ ಇದ್ದರೆ ರಿಂಗಿನ ಸ್ಕ್ರೂಗೆ 1.7ರಿಂದ 2 ನ್ಯೂಟನ್ ಮೀಟರ್ ಸಾಕು. ಇಂಚು ಪೌಂಡ್ ಲೆಕ್ಕದಲ್ಲಿ 15ರಿಂದ 18. ಮೌಂಟಿನ ಕಾಗದದಲ್ಲಿ ಬೇರೆ ಅಂಕಿ ಬರೆದಿದ್ದರೆ ಅದೇ ಸರಿ. ಇಲ್ಲದವರಿಗೆ ಒಂದು ಉಪಾಯ: ಅಲೆನ್ ಕೀಯ ಉದ್ದ ಕಾಲನ್ನು ಸ್ಕ್ರೂಗೆ ಹಾಕಿ, ಗಿಡ್ಡ ಕಾಲನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ತಿರುಗಿಸಿ. ಎರಡು ಬೆರಳಿಗೆ ಇನ್ನು ತಿರುಗಲ್ಲ ಅನ್ನಿಸಿದಾಗ ನಿಲ್ಲಿಸಿ. ಮುಷ್ಟಿ ಬಳಸಬೇಡಿ. ಪೈಪ್ ತುಂಡಿನ ಕಥೆ ಮೇಲೇ ಹೇಳಿದ್ದೇನೆ.

ರಿಂಗಿನ ಸ್ಕ್ರೂಗೆ ಥ್ರೆಡ್ ಲಾಕ್ ಹಾಕುವುದು ನನಗೆ ಇಷ್ಟವಿಲ್ಲ. ಅದು ಒಣಗೋಕೆ ಮುಂಚೆ ಎಣ್ಣೆಯ ಥರ ಜಾರುತ್ತದೆ, ಹಾಗಾಗಿ ಅದೇ ಬಲಕ್ಕೆ ಸ್ಕ್ರೂ ಇನ್ನೂ ಮುಂದೆ ಹೋಗಿ ಕೊಳವೆಯನ್ನು ಜಾಸ್ತಿ ಹಿಂಡುತ್ತದೆ. ಕ್ಲೀನಾದ ಒಣ ಸ್ಕ್ರೂ ಸರಿಯಾಗಿ ಬಿಗಿದಿದ್ದರೆ ನಿಲ್ಲುತ್ತದೆ.

ಕಟ್ಟಿಗೆಯ ಸ್ಕ್ರೂ ಮರೆಯಬೇಡಿ

ಗುಂಪು ಚದುರಿದರೆ, ಅಂದರೆ ಹೊಡೆತಗಳು ಒಂದೇ ಕಡೆ ಬೀಳದಿದ್ದರೆ, ಎಲ್ಲರೂ ಸ್ಕೋಪಿಗೆ ಬೈಯುತ್ತಾರೆ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಲ ತಪ್ಪು ಕೆಳಗಿರುತ್ತದೆ. ರೈಫಲ್ಲನ್ನು ಹಿಡಿಗೆ, ಅಂದರೆ ಮರದ ಅಥವಾ ಪ್ಲಾಸ್ಟಿಕ್ ಸ್ಟಾಕಿಗೆ ಹಿಡಿದಿಡುವ ಸ್ಕ್ರೂಗಳು, ಮುಂದೆ ಪಕ್ಕದಲ್ಲಿ ಎರಡು, ಕುದುರೆಯ ಹತ್ತಿರ ಒಂದೆರಡು. ಸ್ಪ್ರಿಂಗಿನ ನಡುಕಕ್ಕೆ ಅವು ಸಡಿಲಾಗುತ್ತಲೇ ಇರುತ್ತವೆ. ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಥ್ರೆಡ್ಡಿಗೆ ಒಂದೇ ಹನಿ ನೀಲಿ ಥ್ರೆಡ್ ಲಾಕ್ ಹಾಕಿ ವಾಪಸ್ ಹಾಕಿ, ಒಂದು ದಿನ ಬಿಡಿ. ಕೆಂಪು ಬಣ್ಣದ್ದು ಬೇಡವೇ ಬೇಡ. ಅದನ್ನು ಬಿಚ್ಚೋಕೆ ಚೆನ್ನಾಗಿ ಕಾಯಿಸಬೇಕು, ಮರದ ಪಕ್ಕ ಬೆಂಕಿ ಹಿಡಿಯುತ್ತೀರಾ? ಪ್ಲಾಸ್ಟಿಕ್ ಸ್ಟಾಕ್ ಆದರೆ ಇನ್ನೊಂದು ಎಚ್ಚರ, ಥ್ರೆಡ್ ಲಾಕ್ ತಾಗಿದ ಕೆಲವು ಪ್ಲಾಸ್ಟಿಕ್ ಆಮೇಲೆ ಬಿರುಕು ಬಿಡುತ್ತದೆ. ಹರಿದು ಬರುವಷ್ಟು ಹಾಕಬೇಡಿ.

ಮರದ ಸ್ಟಾಕಿಗೆ ಇಲ್ಲೂ ಅದೇ ಮಾತು, ಹಿಂಡಬೇಡಿ. ಸ್ಕ್ರೂ ತಲೆ ಮರದೊಳಗೆ ಕೂತುಕೊಂಡು ನಾರು ಮುರಿದರೆ ಅಲ್ಲಿ ಯಾವತ್ತಿಗೂ ಹಿಡಿತ ಸಿಗುವುದಿಲ್ಲ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮಲೆನಾಡಿನಲ್ಲಿ ಇರುವವರು ಜೂನ್‌ನಲ್ಲಿ ಒಂದು ಸಲ, ದೀಪಾವಳಿ ಆದ ಮೇಲೆ ಒಂದು ಸಲ ಕೈ ಆಡಿಸಿ ನೋಡಿ.

ಗುರಿ ಹೊಂದಿಸುವುದು

ಪ್ಲಸ್ ಗೆರೆಯನ್ನು ಸರಿಸುವ ಸ್ಕೋಪಿನ ಗುಂಡಿಗಳನ್ನು ಮೊದಲು ನಡುವಿಗೆ ತನ್ನಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಎಷ್ಟು ಕ್ಲಿಕ್ ಅಂತ ಎಣಿಸಿ, ಅದರ ಅರ್ಧಕ್ಕೆ ವಾಪಸ್ ಬನ್ನಿ. ತುದಿ ಬಂದಾಗ ಒತ್ತಾಯ ಮಾಡಬೇಡಿ, ಒಳಗಿನ ಥ್ರೆಡ್ಡು ಕೂದಲಿನಷ್ಟು ಸಣ್ಣದು.

ಹತ್ತು ಮೀಟರಿನಲ್ಲಿ ದೊಡ್ಡ ಕಾಗದ ಇಡಿ. ಅದರ ಹಿಂದೆ ಪೆಲೆಟ್ ವಾಪಸ್ ಚಿಮ್ಮದ ಹಾಗೆ ಹಳೆ ಬಟ್ಟೆ ತುಂಬಿದ ಪೆಟ್ಟಿಗೆ, ಅದರ ಹಿಂದೆ ಗೋಡೆ. ಕನ್ನಡಕ ಹಾಕಿ. ಐದು ಹೊಡೆತ, ಒಂದೇ ಗುರಿಗೆ, ಗುಂಡಿ ಮುಟ್ಟದೆ. ಒಂದು ಹೊಡೆತ ನೋಡಿ ಕ್ಲಿಕ್ ತಿರುಗಿಸುವವರು ಸಂಜೆವರೆಗೂ ತಿರುಗಿಸುತ್ತಲೇ ಇರುತ್ತಾರೆ.

ಲೆಕ್ಕ ಸುಲಭ. ಗುಂಡಿಯ ಮೇಲೆ 1/4 ಎಂಒಎ (ಕೋನದ ಒಂದು ಅಳತೆ) ಅಂತ ಇದ್ದರೆ ಒಂದು ಕ್ಲಿಕ್ಕಿಗೆ ನೂರು ಮೀಟರಿನಲ್ಲಿ 7 ಮಿಲಿಮೀಟರ್ ಚಿಲ್ಲರೆ, ಹತ್ತು ಮೀಟರಿನಲ್ಲಿ 0.7. ಗುಂಪು 20 ಮಿಲಿಮೀಟರ್ ಕೆಳಗೆ ಬಿದ್ದಿದ್ದರೆ ಸುಮಾರು 28 ಕ್ಲಿಕ್ ಮೇಲಕ್ಕೆ. ಎರಡು ಮೂರು ಕ್ಲಿಕ್ ತಿರುಗಿಸಿ ಏನೂ ಆಗಲಿಲ್ಲ, ಸ್ಕೋಪ್ ಹಾಳು ಅಂದುಕೊಳ್ಳುವವರಿಗೆ ಈ ಲೆಕ್ಕ.

ಮೇಲಿನ ಗುಂಡಿ ಪೂರ್ತಿ ತಿರುಗಿಸಿದರೂ ಪೆಲೆಟ್ ಕೆಳಗೇ ಬೀಳುತ್ತಿದ್ದರೆ ಸ್ಕೋಪ್ ಕೆಟ್ಟಿಲ್ಲ. ನಳಿಕೆ ಮಡಚುವ ಎಷ್ಟೋ ರೈಫಲ್‌ಗಳಲ್ಲಿ ನಳಿಕೆ ಮೈಗಿಂತ ಸ್ವಲ್ಪ ಕೆಳಮುಖವಾಗಿರುತ್ತದೆ. ಗುಂಡಿಯನ್ನು ಕೊನೆವರೆಗೆ ತಿರುಗಿಸಿ ಬಳಸಿದರೆ ಒಳಗಿನ ಸಣ್ಣ ಸ್ಪ್ರಿಂಗು ಬಲ ಕಳೆದುಕೊಂಡು ಗುರಿ ಹೊಡೆತದಿಂದ ಹೊಡೆತಕ್ಕೆ ಅಲೆಯುತ್ತದೆ. ಹಿಂದಿನ ರಿಂಗಿನ ಕೆಳಗಿನ ಅರ್ಧದಲ್ಲಿ ಒಂದು ತೆಳು ಪಟ್ಟಿ ಇಡಬಹುದು. ಕೂಲ್ ಡ್ರಿಂಕ್ ಅಲ್ಯೂಮಿನಿಯಂ ಡಬ್ಬದ ತಗಡು ಸುಮಾರು 0.1 ಮಿಲಿಮೀಟರ್ ದಪ್ಪ. ರಿಂಗುಗಳ ನಡುವೆ 100 ಮಿಲಿಮೀಟರ್ ಅಂತರ ಇದ್ದರೆ ಆ ಒಂದು ಪಟ್ಟಿ ಹತ್ತು ಮೀಟರಿನಲ್ಲಿ 10 ಮಿಲಿಮೀಟರ್ ಎತ್ತುತ್ತದೆ. ಒಂದು ಪಟ್ಟಿ ಸರಿ, ಎರಡು ಜಾಸ್ತಿಯಾಯಿತು. ಅದಕ್ಕಿಂತ ಹೆಚ್ಚು ಬೇಕಾದರೆ ಹಿಂದಕ್ಕೆ ಎತ್ತರ ಇರುವ ಮೌಂಟೇ ಸಿಗುತ್ತದೆ, ಅದನ್ನು ತನ್ನಿ. ಇಲ್ಲದಿದ್ದರೆ ಕೊಳವೆಯನ್ನು ಬಾಗಿಸಿದಂತಾಗುತ್ತದೆ.

ಕೈ ಹಾಕಬಾರದ ಕಡೆ

ಸ್ಕೋಪ್ ಚೆನ್ನಾಗಿ ಕೂತರೆ ಹುಮ್ಮಸ್ಸು ಬರುತ್ತದೆ. "ಗಟ್ಟಿ ಸ್ಪ್ರಿಂಗ್ ಹಾಕಿಸೋಣ ಅಣ್ಣ, ಇನ್ನೂ ಜೋರಾಗಿ ಹೋಗುತ್ತೆ" ಅಂತ ತಮ್ಮನ ಥರದ ಹುಡುಗ ಒಬ್ಬ ಗಂಟು ಬಿದ್ದಿದ್ದ. ಬೇಡ ಅಂದೆ. 20 ಜೂಲ್ ದಾಟಿದರೆ ಲೈಸೆನ್ಸ್ ಇಲ್ಲದ ಆಯುಧ ಇಟ್ಟುಕೊಂಡ ಹಾಗೆ. ಅದು ಹೋಗಲಿ, ಒಳಗಿನ ಸ್ಪ್ರಿಂಗು ಕಾಕ್ ಆಗದೆ ಇದ್ದಾಗಲೂ ಒತ್ತಿಕೊಂಡೇ ಕೂತಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಹಿಂದಿನ ಪಿನ್ನು ತೆಗೆದರೆ ಅದು ಮುಖಕ್ಕೇ ಬರುತ್ತದೆ. ಕುದುರೆಯ ಒಳಗಿನ ಕೊಕ್ಕೆಯನ್ನು ಅರದಿಂದ ಉಜ್ಜಿ ಹಗುರ ಮಾಡುವುದೂ ಅಷ್ಟೇ. ಒಂದು ದಿನ ಕೆಳಗಿಟ್ಟ ಸದ್ದಿಗೇ ಹಾರುತ್ತದೆ. ಹೊರಗಿನ ಹೊಂದಾಣಿಕೆ ಸ್ಕ್ರೂ ಇದ್ದರೆ ಪುಸ್ತಕದಲ್ಲಿ ಬರೆದಷ್ಟು ಮಾತ್ರ ತಿರುಗಿಸಿ.

ಗಾಳಿ ಬರುವ ತೂತಿಗೆ ಸ್ಪ್ರೇ ಎಣ್ಣೆ ಹೊಡೆಯಬೇಡಿ. ಪಿಸ್ಟನ್ ಗಾಳಿ ಒತ್ತಿದಾಗ ಆಗುವ ಬಿಸಿಗೆ ಆ ಎಣ್ಣೆ ಡೀಸೆಲ್ ಇಂಜಿನ್ನಿನ ಥರ ಹೊತ್ತಿಕೊಳ್ಳುತ್ತದೆ. ಢಂ ಅಂತ ಸದ್ದು, ಹೊಗೆ, ಸುಟ್ಟ ವಾಸನೆ. ಹುಡುಗರಿಗೆ ಮಜಾ, ಸೀಲಿಗೂ ಸ್ಕೋಪಿಗೂ ಸಾವು.

ಐವತ್ತು ಹೊಡೆತ ಆದ ಮೇಲೆ

ಕೆಲಸ ಮುಗಿದ ದಿನವೇ ಮೌಂಟಿನ ಹಿಂದಿನ ಅಂಚಿಗೆ ತಾಗಿಸಿ ಗಾಡಿಯ ಮೇಲೆ ಒಂದು ಪೇಪರ್ ಟೇಪ್ ತುಂಡು ಅಂಟಿಸಿ. ರಿಂಗಿನ ಹಿಂದೆ ಸ್ಕೋಪಿನ ಕೊಳವೆಯ ಮೇಲೂ ಒಂದು. ಪ್ರತಿ ಸ್ಕ್ರೂ ತಲೆಯಿಂದ ಪಕ್ಕದ ಲೋಹಕ್ಕೆ ನೈಲ್ ಪಾಲಿಶ್‌ನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಐವತ್ತು ಹೊಡೆತ ಆದ ಮೇಲೆ ನೋಡಿ. ಗೆರೆ ಮುರಿದಿದ್ದರೆ ಆ ಸ್ಕ್ರೂ ತಿರುಗಿದೆ. ಕೆಳಗಿನ ಟೇಪ್ ಸುಕ್ಕಾಗಿದ್ದರೆ ಮೌಂಟ್ ಜಾರಿದೆ, ತಡೆಪಿನ್ನು ನೋಡಿ. ಮೇಲಿನ ಟೇಪ್ ಸುಕ್ಕಾಗಿದ್ದರೆ ರಿಂಗಿನೊಳಗೆ ಸ್ಕೋಪ್ ಜಾರಿದೆ, ಬಿಚ್ಚಿ ಎಣ್ಣೆ ಒರೆಸಿ ಮತ್ತೆ ಹಾಕಿ. ನನಗೆ ಅವತ್ತು ಈ ಎರಡು ತುಂಡು ಟೇಪ್ ಇದ್ದಿದ್ದರೆ ಲೇತ್ ಶಾಪಿಗೆ ಹೋಗುವ ಕೆಲಸವೇ ಇರುತ್ತಿರಲಿಲ್ಲ.

ಸೀಸದ ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದೇ ತಿಂಡಿಗೆ ಕೂರಿ. ರೈಫಲ್ಲನ್ನು ಸ್ಪಂಜಿನ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮುಚ್ಚಿಡಬೇಡಿ, ಸ್ಪಂಜು ನೀರು ಹಿಡಿದುಕೊಂಡು ಮೌಂಟಿನ ಕೆಳಗೆ ತುಕ್ಕು ತರುತ್ತದೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನೆಲ್ಲ ಹೊರಗೆ ತೆಗೆದು ಒರೆಸಿ, ತೋಕ್ ಪೂ ಅನ್ನುವ ಹೂ ಮುಡಿಸಿ ಇಡುತ್ತಾರೆ. ಸೆಪ್ಟೆಂಬರ್ ಶುರು, ಜಡಿಮಳೆ ಇಳಿಯುವ ಹೊತ್ತು. ನಾನೂ ವರ್ಷಕ್ಕೊಂದು ಸಲ ಮೌಂಟ್ ಪೂರ್ತಿ ಬಿಚ್ಚುವುದು ಅದೇ ವಾರದಲ್ಲಿ.